ಗಾಳಕ್ಕೆ ಯಾವ ಬೆಂಡು?

ಕೆರೆ ತುಂಬಿದ ವರ್ಷ ಚಿತ್ರದುರ್ಗ ಸೀಮೆಯ ಊರುಗಳಲ್ಲಿ ಏರಿಯ ಮೇಲೆ ಎರಡು ಬಗೆಯ ಜನ ಕಾಣಿಸುತ್ತಾರೆ. ಮೊದಲನೆಯವರು ಬರೀ ನೀರು ನೋಡಲು ಬಂದವರು. ಬರದ ಸೀಮೆಯಲ್ಲಿ ನೀರು ನೋಡುವುದೂ ಒಂದು ಹಬ್ಬವೇ. ಎರಡನೆಯವರು ಬಿದಿರು ಗಳ, ಒಂದಿಷ್ಟು ನೈಲಾನ್ ದಾರ, ತೆಂಗಿನ ಚಿಪ್ಪಿನ ತುಂಬ ಎರೆಹುಳು ಹಿಡಿದು ಬಂದವರು. ದಸರಾ ರಜೆಯೋ ಬೇಸಿಗೆ ರಜೆಯೋ ಆಗಿದ್ದರೆ ಇವರಲ್ಲಿ ಶಾಲೆಯ ಹುಡುಗರೇ ಹೆಚ್ಚು.

ಈ ಹುಡುಗರು ಗಾಳದ ಮುಳ್ಳನ್ನು ನೋಡಿ ನೋಡಿ ಆರಿಸುತ್ತಾರೆ. ಹುಳ ಹಾಕಬೇಕೇ, ಹಿಟ್ಟಿನ ಉಂಡೆ ಹಾಕಬೇಕೇ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಆದರೆ ಬೆಂಡಿನ ಸರದಿ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದೇ ಬೆಂಡು! ಹರಿದ ಹವಾಯಿ ಚಪ್ಪಲಿಯ ಒಂದು ತುಂಡು, ಟಿ.ವಿ. ಪೆಟ್ಟಿಗೆಯ ಜತೆ ಬಂದ ಥರ್ಮೋಕೋಲಿನ ಒಂದು ಚೂರು ದಾರಕ್ಕೆ ಕಟ್ಟಿದರೆ ಕೆಲಸ ಮುಗಿಯಿತು. ಆಮೇಲೆ ಸಂಜೆಯವರೆಗೂ ಒಂದೇ ಗೊಣಗಾಟ: ‘ಹುಳಾನೆಲ್ಲ ತಿಂದ್ಕೊಂಡು ಹೋಗ್ತಾವೆ, ಗೊತ್ತೇ ಆಗಲ್ಲ.’

ಗೊತ್ತಾಗದಿರುವುದು ಮೀನಿನ ಜಾಣತನದಿಂದಲ್ಲ, ಬಹಳ ಸಲ ಬೆಂಡಿನ ದಪ್ಪದಿಂದ. ಗಾಳದ ಸಾಮಾನಿನಲ್ಲೆಲ್ಲ ಅತ್ಯಂತ ಅಗ್ಗವಾದ ಈ ವಸ್ತುವನ್ನು ಆರಿಸಲು ಒಂದಿಷ್ಟು ಲೆಕ್ಕ ಬೇಕು, ಒಂದಿಷ್ಟು ವಿಜ್ಞಾನ ಬೇಕು, ನೀರನ್ನೂ ಮೀನನ್ನೂ ಬಲ್ಲ ಕಣ್ಣು ಬೇಕು. ಮೂರನ್ನೂ ಮಕ್ಕಳು ಕಲಿಯಬಹುದು.

ಬೆಂಡಿನ ಮೂರು ಕೆಲಸ

ಬೆಂಡು ಮಾಡುವ ಕೆಲಸ ಮೂರು. ಮೊದಲನೆಯದು, ಎರೆಯನ್ನು ನಾವು ಹೇಳಿದ ಆಳದಲ್ಲಿ ತೂಗಿ ಹಿಡಿಯುವುದು. ಎರಡನೆಯದು, ಎರೆಯ ಮತ್ತು ತೂಕದ ಗುಂಡಿನ ಭಾರ ಹೊರುವುದು. ಮೂರನೆಯದೇ ಮುಖ್ಯವಾದದ್ದು: ನೀರಿನೊಳಗೆ ನಮಗೆ ಕಾಣದಂತೆ ನಡೆಯುವುದನ್ನು ಮೇಲೆ ತಿಳಿಸುವುದು.

ತೊಡಕು ಇರುವುದು ಇಲ್ಲೇ. ಭಾರ ಹೊರಬೇಕಾದರೆ ಬೆಂಡು ದೊಡ್ಡದಿರಬೇಕು. ಸೂಕ್ಷ್ಮವಾಗಿ ಸುದ್ದಿ ಹೇಳಬೇಕಾದರೆ ಚಿಕ್ಕದಿರಬೇಕು. ದೂರಕ್ಕೆ ಕಾಣಬೇಕಾದರೆ ಮತ್ತೆ ದೊಡ್ಡದಿರಬೇಕು! ಇವುಗಳ ನಡುವೆ ರಾಜಿ ಮಾಡಿಕೊಳ್ಳುವುದೇ ಬೆಂಡಿನ ಆಯ್ಕೆ. ಒಂದೇ ಮಾತಿನಲ್ಲಿ ನಿಯಮ ಹೇಳುವುದಾದರೆ ಹೀಗೆ: ಹೊರಬೇಕಾದ ಭಾರ ಹೊರುವಷ್ಟು ದೊಡ್ಡದಿರಲಿ, ಅದಕ್ಕಿಂತ ಎಳ್ಳಷ್ಟೂ ದೊಡ್ಡದು ಬೇಡ.

ಹತ್ತು ಅಕ್ಕಿ ಕಾಳಿನ ಲೆಕ್ಕ

ಆರ್ಕಿಮಿಡೀಸನ ತತ್ತ್ವವನ್ನು ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟೇ ಬಲ ಮೇಲಕ್ಕೆ ಎತ್ತುತ್ತದೆ. ಒಂದು ಘನ ಸೆಂಟಿಮೀಟರ್ ನೀರಿನ ತೂಕ ಒಂದು ಗ್ರಾಂ. ಇಷ್ಟು ಗೊತ್ತಿದ್ದರೆ ಸಾಕು, ಬೆಂಡಿನ ಗುಟ್ಟು ಬಯಲಾಗುತ್ತದೆ.

ಎರಡು ಬೆಂಡುಗಳನ್ನು ತೆಗೆದುಕೊಳ್ಳಿ. ಒಂದು ನವಿಲುಗರಿಯ ದಂಟು, ಅಡ್ಡಳತೆ ಅರ್ಧ ಸೆಂಟಿಮೀಟರ್. ಇನ್ನೊಂದು ಚಪ್ಪಲಿ ರಬ್ಬರಿನಿಂದ ಕತ್ತರಿಸಿದ ಗುಂಡನೆಯ ತುಂಡು, ಅಡ್ಡಳತೆ ಎರಡು ಸೆಂಟಿಮೀಟರ್. ಎರಡೂ ನೀರಿನಲ್ಲಿ ನೆಟ್ಟಗೆ ನಿಂತಿವೆ ಎಂದುಕೊಳ್ಳಿ. ಮೀನು ಅವನ್ನು ಒಂದು ಸೆಂಟಿಮೀಟರ್ ಕೆಳಗೆ ಎಳೆಯಲು ಎಷ್ಟು ಬಲ ಹಾಕಬೇಕು?

ವೃತ್ತದ ಕ್ಷೇತ್ರಫಲದ ಸೂತ್ರ ಹಾಕಿ ನೋಡಿ. ಗರಿಯ ದಂಟಿಗೆ ಸುಮಾರು 0.2 ಗ್ರಾಂ. ರಬ್ಬರ್ ತುಂಡಿಗೆ 3.14 ಗ್ರಾಂ. ಅಡ್ಡಳತೆ ನಾಲ್ಕು ಪಟ್ಟಾದರೆ ಎಳೆತ ಹದಿನಾರು ಪಟ್ಟು! ಅಕ್ಕಿ ಕಾಳಿನ ಲೆಕ್ಕದಲ್ಲಿ ಹೇಳುವುದಾದರೆ, ಮೊದಲನೆಯದನ್ನು ಎಳೆಯಲು ಸುಮಾರು ಹತ್ತು ಕಾಳಿನ ತೂಕ ಸಾಕು. ಎರಡನೆಯದಕ್ಕೆ ನೂರೈವತ್ತರ ಆಸುಪಾಸು ಕಾಳು ಬೇಕು.

ಮೀನಿಗೆ ಕೈಯಿಲ್ಲ. ಸಿಕ್ಕಿದ್ದು ತಿನ್ನುವಂಥದ್ದೇ ಅಲ್ಲವೇ ಎಂದು ಬಾಯಿಂದಲೇ ಪರೀಕ್ಷಿಸಬೇಕು. ಎರೆಯನ್ನು ಬಾಯಿಗೆ ಎಳೆದುಕೊಂಡಾಗ ಅದು ಸಲೀಸಾಗಿ ಬಂದರೆ ಸರಿ. ಹಿಂದಿನಿಂದ ಯಾರೋ ಜಗ್ಗಿದಂತಾದರೆ ಕೂಡಲೇ ಉಗಿದುಬಿಡುತ್ತದೆ. ಮೇಲೆ ಬೆಂಡು ಅಲ್ಲಾಡುವಷ್ಟರಲ್ಲಿ ಕೆಳಗೆ ಎಲ್ಲ ಮುಗಿದಿರುತ್ತದೆ. ಇದರ ಇನ್ನೊಂದು ಮುಖವೂ ಇದೆ. ಸಣ್ಣ ಮೀನು ಮುಳ್ಳನ್ನು ಪೂರ್ತಿ ನುಂಗಿದರೂ ದಪ್ಪ ಬೆಂಡು ಸುಮ್ಮನೆ ನಿಂತಿರುತ್ತದೆ. ಗಾಳ ಎತ್ತಿದಾಗ ಬೆರಳುದ್ದದ ಮರಿ, ಮುಳ್ಳು ಗಂಟಲಿನಾಚೆ! ಅದನ್ನು ಬಿಡಿಸಿ ನೀರಿಗೆ ಬಿಟ್ಟರೂ ಬದುಕುವುದು ಕಷ್ಟ. ಚುರುಕಾದ ಬೆಂಡಿದ್ದರೆ ಮುಳ್ಳು ತುಟಿಗೆ ಸಿಕ್ಕಿರುತ್ತದೆ. ಮರಿಯಾದರೆ ಬಿಡಿಸಿ ಬಿಡಬಹುದು, ಮುಂದಿನ ವರ್ಷಕ್ಕೆ ಅದು ದೊಡ್ಡದಾಗಿ ಸಿಕ್ಕೀತು.

ಯಾವುದರಿಂದ ಮಾಡುವುದು?

ಬೆಂಡು ಎಂಬ ಹೆಸರು ಬಂದಿರುವುದೇ ಗಿಡದ ಒಳತಿರುಳಿನಿಂದ. ಮದುವೆಯ ಬಾಸಿಂಗ ಮಾಡುವ ಬಿಳಿಯ ಬೆಂಡು ಎಲ್ಲರೂ ನೋಡಿರುವಂಥದ್ದು. ಜೋಳದ ದಂಟಿನ ಸಿಪ್ಪೆ ಸುಲಿದು ಕನ್ನಡಕ, ಗಾಡಿ ಮಾಡಿ ಆಡಿದ ಮಕ್ಕಳಿಗೂ ಬೆಂಡು ಹೊಸದಲ್ಲ. ಇದು ಬಹಳ ಹಗುರ, ಕಾಸು ಖರ್ಚಿಲ್ಲ. ಆದರೆ ಒಂದು ದೋಷವಿದೆ: ನೀರು ಕುಡಿಯುತ್ತದೆ. ಹೊತ್ತು ಕಳೆದಂತೆ ಭಾರವಾಗಿ ತಾನೇ ಇಳಿಯತೊಡಗುತ್ತದೆ. ಕರಗಿದ ಮೇಣದಲ್ಲಿ ಅದ್ದಿ ತೆಗೆದರೆ ಅಥವಾ ವಾರ್ನಿಷ್ ಬಳಿದು ಒಣಗಿಸಿದರೆ ಹೆಚ್ಚು ಕಾಲ ಬಾಳುತ್ತದೆ.

ಬಾಟಲಿಯ ಕಾರ್ಕ್ ಗಟ್ಟಿ, ನೀರು ಹಿಡಿಯುವುದಿಲ್ಲ, ಭಾರ ಚೆನ್ನಾಗಿ ಹೊರುತ್ತದೆ. ಹಾಗೇ ಬಳಸಿದರೆ ದಪ್ಪ. ಬ್ಲೇಡಿನಿಂದ ಕೆತ್ತಿ, ಮರಳು ಕಾಗದದಿಂದ ಉಜ್ಜಿ, ಕ್ಯಾರೆಟ್ಟಿನಂತೆ ಕೆಳಗೆ ಚೂಪು ಮಾಡಿ ನಡುವೆ ಪೊರಕೆ ಕಡ್ಡಿ ತೂರಿಸಿದರೆ ಒಳ್ಳೆಯ ಬೆಂಡಾಗುತ್ತದೆ. ಥರ್ಮೋಕೋಲ್ ಹಗುರವೇನೋ ಹೌದು, ಆದರೆ ಪುಡಿಯಾಗಿ ಕೆರೆ ಸೇರುತ್ತದೆ. ಆ ಬಿಳಿ ಕಾಳುಗಳು ಕರಗುವುದಿಲ್ಲ, ಕೊಳೆಯುವುದೂ ಇಲ್ಲ. ಅದನ್ನು ಬಿಡುವುದೇ ಮೇಲು. ಚಪ್ಪಲಿಯ ರಬ್ಬರ್ ಕೆಟ್ಟದ್ದಲ್ಲ. ತೆಳುವಾಗಿ, ಉದ್ದಕ್ಕೆ ಕತ್ತರಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೆ.

ಇವೆಲ್ಲವುಗಳಲ್ಲಿ ಮೊದಲ ಸ್ಥಾನ ನವಿಲುಗರಿಯ ದಂಟಿಗೆ. ಎಳೆಗಳನ್ನೆಲ್ಲ ಕಿತ್ತು ತೆಗೆದರೆ ಉಳಿಯುವ ಬಿಳಿ ದಂಟಿನೊಳಗೆ ಗಾಳಿ ತುಂಬಿದ ತಿರುಳಿದೆ, ಹೊರಗೆ ನೀರು ಹೊಗದ ಹೊದಿಕೆಯಿದೆ. ತೆಳ್ಳಗೆ, ನೆಟ್ಟಗೆ, ಗಟ್ಟಿಯಾಗಿ ಪ್ರಕೃತಿಯೇ ಮಾಡಿಕೊಟ್ಟ ಬೆಂಡು ಅದು. ಆದರೆ ನವಿಲು ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಅನುಸೂಚಿಯಲ್ಲಿದೆ. ಹೊಲದ ಬದುವಿನಲ್ಲಿ ತಾನಾಗಿ ಉದುರಿ ಬಿದ್ದ ಗರಿ ಸಿಕ್ಕರೆ ಆಯಿತು. ಗರಿಗಾಗಿ ಹಕ್ಕಿಯನ್ನು ಅಟ್ಟುವುದು, ಹಿಡಿಯುವುದು ದೊಡ್ಡ ಅಪರಾಧ. ಗರಿ ಸಿಗದಿದ್ದರೆ ಕಾರ್ಕೇ ಸಾಕು.

ನೀರು ನೋಡಿ ಬೆಂಡು

ಕೆರೆ ಕಟ್ಟುವುದು ಈ ಜಿಲ್ಲೆಗೆ ಹಳೆಯ ವಿದ್ಯೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ ನಾಲ್ಕನೇ ಶತಮಾನದ್ದು. ಅದು ಹೇಳುವುದೂ ಕೆರೆಯ ಮಾತನ್ನೇ. ಹೊಳಲ್ಕೆರೆಗಂತೂ ಹೆಸರಿನಲ್ಲೇ ಕೆರೆಯಿದೆ. ಇಂಥ ಊರಕೆರೆಗಳ ಅಂಚಿನಲ್ಲಿ ನೀರು ಆಳವಿಲ್ಲ, ಬಣ್ಣ ಕೆಂಪು ಅಥವಾ ಕಂದು, ಜೊಂಡು ಹೆಚ್ಚು. ಬೆಳಗಿನ ಹೊತ್ತು ಗಾಳಿಯೂ ಇರುವುದಿಲ್ಲ. ಇಲ್ಲಿ ಗೇಣುದ್ದದ ಸಣ್ಣ ಗರಿದಂಟು ಧಾರಾಳ ಸಾಕು. ತೂಕದ ಗುಂಡು ಒಂದೇ ಒಂದು, ಅದೂ ಸಣ್ಣದು. ಬೆಂಡಿನ ತುದಿ ನೀರಿನ ಮೇಲೆ ಒಂದು ಸೆಂಟಿಮೀಟರ್ ಕಂಡರೆ ಆಯಿತು.

ಹೊಸದುರ್ಗದ ಕಡೆ ವೇದಾವತಿ ಹರಿಯುವಾಗ ಲೆಕ್ಕ ಬೇರೆ. ಹರಿಯುವ ನೀರು ದಾರವನ್ನು ಓರೆಯಾಗಿ ಎಳೆಯುತ್ತದೆ. ನೆಟ್ಟನೆಯ ದಂಟು ಮಲಗಿಬಿಡುತ್ತದೆ ಇಲ್ಲವೇ ಮುಳುಗುತ್ತದೆ. ಇಲ್ಲಿ ಮೇಲುಭಾಗ ದಪ್ಪನಾಗಿ ಕೆಳಗೆ ಸಣ್ಣಗಾಗುವ ಕಾರ್ಕಿನ ಬೆಂಡು ಬೇಕು. ಅದನ್ನು ಹರಿವಿನ ಜತೆ ತೇಲಲು ಬಿಟ್ಟು, ದಾರ ಸಡಿಲಿಸುತ್ತಾ ದಡದಲ್ಲಿ ಹೆಜ್ಜೆ ಹಾಕಬೇಕು.

ಇನ್ನು ಹಿರಿಯೂರಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿ ಕಣಿವೆ. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿಗೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು. 130 ಅಡಿ ತುಂಬಿ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ! ಆಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲಗಳಿಗೂ ನುಗ್ಗಿತ್ತು. ಇಷ್ಟು ಅಗಲದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ಏಳುತ್ತದೆ. ಗಾಳಿಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಗುಡ್ಡಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಅಲೆಯಲ್ಲಿ ಸಣ್ಣ ದಂಟು ಕಾಣುವುದೇ ಇಲ್ಲ, ಕಂಡರೂ ಅದು ಕುಣಿಯುವುದು ಮೀನಿನಿಂದಲೋ ಗಾಳಿಯಿಂದಲೋ ತಿಳಿಯುವುದಿಲ್ಲ. ಇಂಥಲ್ಲಿ ದೊಡ್ಡ ಬೆಂಡೇ ಬೇಕು. ಭಾರವೂ ಹೆಚ್ಚಿರಲಿ, ಬೆಂಡಿನ ಹೆಚ್ಚಿನ ಪಾಲು ನೀರಿನೊಳಗೇ ಇರಲಿ. ಹೊರಗೆ ಕಾಣುವ ಭಾಗ ಕಡಿಮೆಯಾದಷ್ಟೂ ಗಾಳಿಗೆ ಹಿಡಿತ ಕಡಿಮೆ.

ಆಳದ ನೀರಿನಲ್ಲಿ ಇನ್ನೊಂದು ತೊಂದರೆಯಿದೆ. ಹದಿನೈದು ಅಡಿ ಆಳಕ್ಕೆ ಎರೆ ಬಿಡಬೇಕಾದರೆ ಬೆಂಡನ್ನು ದಾರದಲ್ಲಿ ಹದಿನೈದು ಅಡಿ ಮೇಲೆ ಕಟ್ಟಬೇಕು. ಹತ್ತಡಿಯ ಗಳದಲ್ಲಿ ಅದನ್ನು ಬೀಸುವುದು ಹೇಗೆ? ಇದಕ್ಕೆ ಜಾರುವ ಬೆಂಡು ಉಪಾಯ. ಬೆಂಡಿನ ಬುಡದಲ್ಲಿ ಉಂಗುರವಿಟ್ಟು ದಾರ ಅದರೊಳಗೆ ಸರಾಗವಾಗಿ ಓಡುವಂತೆ ಮಾಡಿ, ಬೇಕಾದ ಆಳಕ್ಕೆ ದಾರದ ಮೇಲೆ ಒಂದು ಸಣ್ಣ ಗಂಟು ಹಾಕುತ್ತಾರೆ. ಗಂಟು ಉಂಗುರದಲ್ಲಿ ತೂರದಂತೆ ನಡುವೆ ಒಂದು ಮಣಿ. ಬೀಸುವಾಗ ಬೆಂಡು ಗುಂಡಿನ ಹತ್ತಿರವೇ ಇರುತ್ತದೆ. ನೀರಿಗೆ ಬಿದ್ದ ಮೇಲೆ ದಾರ ಜಾರುತ್ತಾ ಇಳಿದು, ಗಂಟು ಬಂದಲ್ಲಿ ನಿಲ್ಲುತ್ತದೆ.

ಮೀನಿನ ಬಾಯಿ ನೋಡಿ

ಎರೆಯನ್ನು ಎಷ್ಟು ಆಳಕ್ಕೆ ಬಿಡಬೇಕೆಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಸಂತೆಯಲ್ಲಿ ಮೀನು ಕಂಡಾಗ ಗಮನಿಸಿ. ಕಾಟ್ಲಾ ಮೀನಿನದು ದೊಡ್ಡ ತಲೆ, ಬಾಯಿ ಮೇಲ್ಮುಖ. ಅದು ಮೇಲುನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲಿನ ಬಾಯಿ ಕೆಳಮುಖ. ಅದು ತಳದಲ್ಲಿ ಕೆದಕುತ್ತದೆ. ಸಾಮಾನ್ಯ ಗೆಂಡೆಯೂ ತಳದ ಗಿರಾಕಿಯೇ. ಮೂರ್ನಾಲ್ಕು ಜಾತಿಯ ಮರಿಗಳನ್ನು ಒಂದೇ ಕೆರೆಗೆ ಬಿಡುವುದಕ್ಕೆ ಕಾರಣವೂ ಇದೇ: ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಬೆಂಡನ್ನು ಮೇಲೆ ಕೆಳಗೆ ಸರಿಸಿದಂತೆ ನೀವು ಬೇರೆ ಬೇರೆ ಮೀನುಗಳ ಬಾಗಿಲು ತಟ್ಟಿದಂತೆ.

ತಳ ಎಲ್ಲಿದೆ ಎಂದು ತಿಳಿಯಲೂ ಬೆಂಡೇ ಸಾಧನ. ಗುಂಡು ತಳದ ಮೇಲೆ ಕುಳಿತರೆ ಬೆಂಡಿಗೆ ಭಾರ ತಪ್ಪಿ ಅದು ಅಡ್ಡ ಮಲಗುತ್ತದೆ. ಆಗ ಬೆಂಡನ್ನು ದಾರದಲ್ಲಿ ಸ್ವಲ್ಪ ಸ್ವಲ್ಪವೇ ಕೆಳಕ್ಕೆ ಇಳಿಸುತ್ತಾ ಬನ್ನಿ. ನೆಟ್ಟಗೆ ನಿಂತ ಕ್ಷಣ ಗುಂಡು ತಳ ಬಿಟ್ಟಿತೆಂದು ಅರ್ಥ.

ಹೊರದೇಶದ ಬೆಂಡು

ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಹಿಡಿಯುವವರದ್ದೂ ಇದೇ ಸಮಸ್ಯೆ. ಅವರದು ಫ್ಲೈ ಫಿಶಿಂಗ್ ಎಂಬ ಪದ್ಧತಿ. ನಿಜವಾದ ಹುಳುವಿನ ಬದಲು ಮುಳ್ಳಿಗೆ ಪುಕ್ಕ, ದಾರ ಸುತ್ತಿ ಹುಳುವಿನ ರೂಪ ಕೊಡುತ್ತಾರೆ. ಏರೋಪ್ಲೇನ್ ಚಿಟ್ಟೆಯ ಮರಿ ನಮ್ಮ ಕೆರೆಗಳಲ್ಲಿ ನೀರೊಳಗೇ ಬೆಳೆಯುವಂತೆ ಅಲ್ಲಿಯೂ ಹಲವು ಕೀಟಗಳ ಮರಿ ನೀರಿನಲ್ಲಿ ಬೆಳೆಯುತ್ತವೆ. ಅವಕ್ಕೆ ನಿಂಫ್ ಎನ್ನುತ್ತಾರೆ. ನಿಂಫಿನ ಅಣಕು ಮುಳುಗಿ ತೇಲುತ್ತಾ ಹೋಗುವಾಗ ಟ್ರೌಟ್ ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಉಗಿದುಬಿಡುತ್ತದೆ. ಆ ಕ್ಷಣ ಹಿಡಿಯಲು ಅವರೂ ಒಂದು ಬೆಂಡು ಕಟ್ಟುತ್ತಾರೆ. ಅದರ ಹೆಸರು ಸ್ಟ್ರೈಕ್ ಇಂಡಿಕೇಟರ್.

ಆಯ್ಕೆಯ ತತ್ತ್ವ ನಮ್ಮದೇ. ತಿಳಿಯಾದ, ನಿಧಾನವಾದ ನೀರಿಗೆ ಉಣ್ಣೆಯ ಒಂದು ಸಣ್ಣ ಕುಚ್ಚು, ಮೀನು ಬೆದರುವುದಿಲ್ಲ. ರಭಸದ ನೀರಿಗೆ, ಭಾರದ ನಿಂಫಿಗೆ ಕಾರ್ಕಿನ ಅಥವಾ ಪ್ಲಾಸ್ಟಿಕ್ಕಿನ ಗುಂಡು. ನೀರಿನ ಆಳದ ಒಂದೂವರೆ ಪಟ್ಟು ದೂರಕ್ಕೆ ಅದನ್ನು ಕಟ್ಟುವುದು ಅವರ ವಾಡಿಕೆ, ಏಕೆಂದರೆ ಹರಿವಿನಲ್ಲಿ ದಾರ ಓರೆಯಾಗುತ್ತದೆ. ವೇದಾವತಿಯ ಹರಿವಿಗೂ ಈ ಲೆಕ್ಕ ಹೊಂದುತ್ತದೆ. ನಮ್ಮ ಕೆರೆಗಳ ಗಾಳವೂ ಹೊರಗಿನವರ ಕಣ್ಣಿಗೆ ಬೀಳದೆ ಇರಲಿಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂದು ಕೆರೆಯ ಗಾಳದ ಮೇಲೆಯೇ ಒಂದು ಪುಸ್ತಕ ಬರೆದ.

ಬಣ್ಣದ ವಿಷಯದಲ್ಲಿ ಒಂದು ಮಾತು. ಬೆಂಡಿನ ಕೆಳಭಾಗ ಮೀನಿಗೆ ಕಾಣುವುದು, ಮೇಲುಭಾಗ ನಮಗೆ ಕಾಣುವುದು. ಕೆಳಗೆ ಬಿಳಿ ಅಥವಾ ಮಾಸಲು ಬಣ್ಣವಿರಲಿ. ಮೇಲಿನ ತುದಿಗೆ ಕೆಂಪೋ ಕಿತ್ತಳೆಯೋ ಬಳಿಯಿರಿ. ಸೂರ್ಯ ಎದುರಿಗಿದ್ದು ನೀರು ಬೆಳ್ಳಿಯಂತೆ ಹೊಳೆಯುವಾಗ ಕೆಂಪು ಕಾಣುವುದಿಲ್ಲ, ಕಪ್ಪು ಕಾಣುತ್ತದೆ. ಆದ್ದರಿಂದ ತುದಿಗೆ ಕೆಂಪು, ಅದರ ಕೆಳಗೆ ಒಂದು ಕಪ್ಪು ಪಟ್ಟೆ ಇದ್ದರೆ ಎರಡು ಹೊತ್ತಿಗೂ ಆಯಿತು.

ಬೆಂಡಿನ ಭಾಷೆ

ಒಳ್ಳೆಯ ಬೆಂಡು ಸಿಕ್ಕ ಮೇಲೆ ಅದರ ಮಾತು ತಿಳಿಯಬೇಕು. ಟಿಕ್ ಟಿಕ್ ಎಂದು ನಡುಗುತ್ತಿದ್ದರೆ ಸಣ್ಣ ಮೀನುಗಳು ಹುಳದ ತುದಿ ಕಚ್ಚುತ್ತಿವೆ, ಎತ್ತಬೇಡಿ. ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಮಲಗಿದರೆ ತಳದಲ್ಲಿ ಮೇಯುವ ಗೆಂಡೆಯೋ ಮೃಗಾಲೋ ಎರೆಯನ್ನು ಗುಂಡಿನ ಸಮೇತ ಎತ್ತಿಕೊಂಡಿದೆ. ಮೀನು ಕಚ್ಚಿದರೆ ಬೆಂಡು ಮುಳುಗಲೇಬೇಕೆಂದು ಕಾದು ಕುಳಿತವರು ಕಳೆದುಕೊಳ್ಳುವುದು ಇಂಥ ಮೀನನ್ನೇ. ಓರೆಯಾಗಿ ಜಾರುತ್ತಾ ಒಳಗಿಳಿದರೆ ಕೂಡಲೇ ಎತ್ತಿ. ಬಲು ನಿಧಾನವಾಗಿ ಒಂದೇ ಕಡೆಗೆ ತೆವಳಿದರೆ ಬಹುಶಃ ಏಡಿ.

ಮನೆಯಲ್ಲೇ ಪರೀಕ್ಷೆ

ಕೆರೆಗೆ ಹೋಗುವ ಮೊದಲೇ ಬಕೆಟ್ಟಿನಲ್ಲಿ ಬೆಂಡನ್ನು ಹದಕ್ಕೆ ತರಬಹುದು. ಬಕೆಟ್ ತುಂಬ ನೀರು ತುಂಬಿ, ಬೆಂಡಿಗೆ ದಾರ, ಮುಳ್ಳು ಕಟ್ಟಿ, ಎರೆಯ ತೂಕಕ್ಕೆ ಒಂದು ಹಿಟ್ಟಿನ ಉಂಡೆ ಸಿಕ್ಕಿಸಿ ಬಿಡಿ. ಬೆಂಡು ಅರ್ಧಕ್ಕಿಂತ ಹೆಚ್ಚು ಮೇಲೆ ನಿಂತಿದ್ದರೆ ತೂಕ ಸಾಲದು. ಒಂದೊಂದೇ ಸಣ್ಣ ನಟ್ಟನ್ನೋ ವಾಷರನ್ನೋ ಕಟ್ಟುತ್ತಾ ಹೋಗಿ. ತುದಿ ಒಂದು ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ. ಅಷ್ಟಕ್ಕೆ ಮೊದಲೇ ಮುಳುಗಿತೇ? ಆ ಎರೆಗೆ ಆ ಬೆಂಡು ಚಿಕ್ಕದು. ಬೇರೆ ಬೇರೆ ಬೆಂಡುಗಳಿಗೆ ಎಷ್ಟು ತೂಕ ಹಿಡಿಸಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ವಿಜ್ಞಾನ ಪ್ರದರ್ಶನಕ್ಕೆ ಅದೇ ಒಂದು ಸಿದ್ಧ ಪ್ರಯೋಗ.

ತಂದೆ ತಾಯಿಗಳಿಗೆ

ತೂಕಕ್ಕೆ ಸೀಸದ ಗುಂಡಿನ ಬದಲು ಕಬ್ಬಿಣದ ನಟ್ಟು, ವಾಷರ್ ಹೇಳಿರುವುದಕ್ಕೆ ಕಾರಣವಿದೆ. ಸೀಸ ವಿಷ. ಗುಂಡನ್ನು ದಾರಕ್ಕೆ ಕಚ್ಚಿಸಲು ಮಕ್ಕಳು ಹಲ್ಲನ್ನೇ ಇಕ್ಕಳ ಮಾಡಿಕೊಳ್ಳುತ್ತಾರೆ. ಅದೇ ಕೈಯಲ್ಲಿ ಬುತ್ತಿ ತಿನ್ನುತ್ತಾರೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಕೆಡುಕು. ಕೆರೆಯಲ್ಲಿ ಉದುರಿದ ಗುಂಡುಗಳನ್ನು ಹಕ್ಕಿಗಳು ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸತ್ತದ್ದರಿಂದ ಬ್ರಿಟನ್ನಿನಲ್ಲಿ ಗಾಳದ ಸಣ್ಣ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲೇ ನಿಷೇಧಿಸಿದರು. ತುಂಡಾದ ನೈಲಾನ್ ದಾರವನ್ನೂ ದಡದಲ್ಲಿ ಬಿಡಬಾರದು. ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಅದು ಬಿಡಿಸಿಕೊಳ್ಳಲಾರದು.

ಕೆರೆಯ ಮೀನು ಹೇಳುವವರು ಕೇಳುವವರು ಇಲ್ಲದ ಸ್ವತ್ತಲ್ಲ. ಬಹಳಷ್ಟು ಕೆರೆಗಳಲ್ಲಿ ಮೀನಿನ ಹಕ್ಕು ಮೀನುಗಾರರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಮರಿ ಬಿಟ್ಟವರು ಅವರು, ಹೊಟ್ಟೆಪಾಡೂ ಅವರದು. ಜಲಾಶಯದಲ್ಲಿ ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಕೇಳಿ ಗಾಳ ಹಾಕುವುದು ಮರ್ಯಾದೆ. ಮುಂಗಾರಿನ ಮೊದಲ ತಿಂಗಳುಗಳು ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಆಗ ಗಾಳ ಮನೆಯಲ್ಲೇ ಇರಲಿ. ದುರ್ಗದ ಕೋಟೆಯೊಳಗಿನ ಹೊಂಡಗಳು ಸಂರಕ್ಷಿತ ಸ್ಮಾರಕದ ಭಾಗ, ಅಲ್ಲಿ ಗಾಳದ ಮಾತೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ಜೀವ. ಹೂಳೆತ್ತಿದ, ಮಣ್ಣು ತೆಗೆದ ಕೆರೆಗಳಲ್ಲಿ ಮೊಣಕಾಲಿನ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುತ್ತದೆ, ಕೆಂಪು ನೀರಿನಲ್ಲಿ ಅದು ಕಾಣುವುದಿಲ್ಲ. ಜೊಂಡಿಗೆ ಸಿಕ್ಕಿದ ಬೆಂಡು ಬಿಡಿಸಲು ನೀರಿಗಿಳಿಯುವ ಹುಡುಗರು ಅಪಾಯಕ್ಕೆ ಸಿಕ್ಕಿಕೊಳ್ಳುವುದು ಹೀಗೆಯೇ. ಹುಡುಗನನ್ನು ಒಬ್ಬನೇ ಕಳಿಸಬೇಡಿ. ಈಜು ಬಲ್ಲ ದೊಡ್ಡವರೊಬ್ಬರು ಜತೆಗಿರಲಿ. ಸಿಕ್ಕಿಕೊಂಡ ಬೆಂಡಿಗಾಗಿ ನೀರಿಗೆ ಇಳಿಯಕೂಡದು, ದಾರ ಕತ್ತರಿಸಿ ಬಿಡಬೇಕು ಎಂದು ಮನೆಯಲ್ಲೇ ಮಾತು ತೆಗೆದುಕೊಳ್ಳಿ. ಒಂದು ಕಾರ್ಕಿನ ತುಂಡು, ಒಂದು ಪೊರಕೆ ಕಡ್ಡಿ ಇದ್ದರೆ ಮರುದಿನ ಇನ್ನೊಂದು ಬೆಂಡು ಮಾಡಿಕೊಳ್ಳಬಹುದು.